ಒಳ್ಳೆಯವಳ ಬಾಯಿಗೆ ಹೊಲಿಗೆ ಹಾಕಬೇಡಿ: ಧಾರಾವಾಹಿ ಮಾಡುವವರಿಗೆ ಒಬ್ಬ ಟೈಲರಮ್ಮನ ಬಹಿರಂಗ ಪತ್ರ

ಇವರಿಗೆ,
ಕನ್ನಡ ಮನರಂಜನಾ ವಾಹಿನಿಗಳ ಧಾರಾವಾಹಿ ವಿಭಾಗದ ಮುಖ್ಯಸ್ಥರು, ಕಥೆ, ಚಿತ್ರಕಥೆ, ಸಂಭಾಷಣೆ ಬರೆಯುವವರು, ನಿರ್ದೇಶಕರು ಮತ್ತು ನಿರ್ಮಾಪಕರು

ಮಾನ್ಯರೇ,

ನಮಸ್ಕಾರ. ನಾನು ತಿಪಟೂರಿನಲ್ಲಿ ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ರೂಮೇ ಅಂಗಡಿ. ಎರಡು ಹೊಲಿಗೆ ಮೆಷಿನ್, ಒಂದು ಪಿಕೋ ಮೆಷಿನ್, ಕಟಿಂಗ್ ಟೇಬಲ್, ಗೋಡೆಯ ಮೇಲೊಂದು ಟಿವಿ. ಹೊಲಿಗೆ ಕಲಿಯಲು ಬರುವ ಹುಡುಗಿಯರು, ಸೀರೆಗೆ ಫಾಲ್ ಹಾಕಿಸಲು ಬಂದವರು, ಸುಮ್ನೆ ಮಾತಾಡೋಣ ಅಂತ ಬಂದು ಕೂರುವ ಅಕ್ಕಪಕ್ಕದವರು, ಇವರೆಲ್ಲರ ನಡುವೆ ರಿಮೋಟ್ ಹಿಡಿದು ಕೂತ ನಮ್ಮತ್ತೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಆ ಟಿವಿ ಆರಿದ್ದನ್ನು ನಾನು ಕಂಡಿಲ್ಲ. ಕರೆಂಟ್ ಹೋದರೆ ಮಾತ್ರ. ಆಗಲೂ ಯಾರದ್ದಾದರೂ ಮೊಬೈಲಿನಲ್ಲಿ ಮುಂದುವರಿಯುತ್ತದೆ.

ಹಾಗಾಗಿ ಸೀರಿಯಲ್ ನೋಡದೆಯೇ ಬೈಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಾಯಕಿಯ ಅಪ್ಪ ಸತ್ತ ದಿನ ನಾನೂ ಅತ್ತಿದ್ದೇನೆ. ಅಳುತ್ತಾ ಒಬ್ಬರ ಬ್ಲೌಸಿಗೆ ಹುಕ್ಕನ್ನು ಉಲ್ಟಾ ಹೊಲಿದು ಬೈಸಿಕೊಂಡಿದ್ದೇನೆ. ಒಂದೇ ವ್ಯತ್ಯಾಸ ಏನೆಂದರೆ ಉಳಿದವರು ಕಣ್ಣಿನಿಂದ ನೋಡುತ್ತಾರೆ, ನನ್ನ ಕಣ್ಣು ಸೂಜಿಯ ಮೇಲಿರುತ್ತದೆ, ನಾನು ಕಿವಿಯಿಂದ ನೋಡುತ್ತೇನೆ. ಮುಖ, ಸೀರೆ, ಬಂಗಲೆ ಯಾವುದೂ ಕಾಣದೆ ಬರೀ ಮಾತು ಕಿವಿಗೆ ಬಿದ್ದರೆ ನಿಮ್ಮ ಕಥೆ ಬೇರೆ ಥರ ಕೇಳಿಸುತ್ತದೆ. ಒಂದು ದಿನ ನೀವೂ ಕಣ್ಣು ಮುಚ್ಚಿಕೊಂಡು ಕೂತು ನೋಡಿ. ಅತ್ತೆ ಮಾತಾಡುತ್ತಾಳೆ, ನಾದಿನಿ ಮಾತಾಡುತ್ತಾಳೆ, ಗಂಡ ಕೂಗಾಡುತ್ತಾನೆ. ಒಳ್ಳೆಯವಳು ಅಂತ ನೀವು ಯಾರನ್ನು ಕರೆಯುತ್ತೀರೋ ಅವಳ ಪಾಲಿಗೆ ಬರುವುದು ಬಿಕ್ಕುವ ಸದ್ದು, ಬಳೆಯ ಸದ್ದು, ಹಿಂದಿನಿಂದ ಒಂದು ಕೊಳಲು.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ವಾರದ ಮಾತು. ಹಬ್ಬದ ಆರ್ಡರ್ ಜಾಸ್ತಿ ಇತ್ತು, ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಧಾರಾವಾಹಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಹೆಸರು ಬದಲಾದರೂ ಈ ದೃಶ್ಯ ಬದಲಾಗುವುದಿಲ್ಲ. ಮನೆಗೆ ನೆಂಟರು ಬಂದಿದ್ದಾರೆ. ನಾಯಕಿ ಪಾಯಸ ಮಾಡಿದ್ದಾಳೆ. ಅವಳು ಆಚೆ ಹೋದಾಗ ನಾದಿನಿ ಬಂದು ಪಾಯಸಕ್ಕೆ ಹಿಡಿ ಉಪ್ಪು ಸುರಿಯುತ್ತಾಳೆ. ಬಾಗಿಲ ಸಂದಿಯಿಂದ ನಾಯಕಿ ಅದನ್ನು ನೋಡಿಬಿಡುತ್ತಾಳೆ. ನೋಡಿಯೂ ಹೇಳುವುದಿಲ್ಲ, ಮನೆ ಒಡೆಯಬಾರದಲ್ಲ! ಅದೇ ಪಾಯಸ ಬಡಿಸುತ್ತಾಳೆ (ಇದು ಯಾವ ಒಳ್ಳೆಯತನವೋ, ನೆಂಟರು ಏನು ಪಾಪ ಮಾಡಿದ್ದರು?). ಅತ್ತೆ ಉಗಿಯುತ್ತಾರೆ. ಇವಳು ‘ನನ್ನಿಂದ ತಪ್ಪಾಯ್ತು’ ಅನ್ನುತ್ತಾಳೆ. ಗಂಡ ಎದ್ದು ಬಂದು ಎಲ್ಲರೆದುರಿಗೆ ಕೆನ್ನೆಗೆ ಬಾರಿಸುತ್ತಾನೆ. ನಾನು ತಲೆ ಎತ್ತಲಿಲ್ಲ, ಆದರೆ ಆ ಏಟು ಮೂರು ಸಲ ಕೇಳಿಸಿತು. ಮೂರು ಕಡೆಯಿಂದ ತೋರಿಸಿದಿರಿ. ಅದಕ್ಕೂ ಹಿಂದಿನ ನಾಲ್ಕು ದಿನ ಪ್ರೋಮೋದಲ್ಲಿ ಬೇರೆ ಹೊಡೆಸಿದ್ದಿರಿ. ಮಾರನೇ ದಿನ ಅವಳು ಅತ್ತೆಯ ಕಾಲಿಗೆ ಬಿದ್ದಳು, ಅವನು ಮಲ್ಲಿಗೆ ತಂದ, ಹಾಡು ಬಂತು.

ಇದರಲ್ಲಿ ಹೊಸದೇನೂ ಇಲ್ಲ ಬಿಡಿ. ನಾನು ಹೇಳಬೇಕಿರುವುದು ಆಗ ನನ್ನ ಅಂಗಡಿಯಲ್ಲಿ ನಡೆದ ಮಾತು. ಎಲ್ಲರೂ ನಾದಿನಿಗೆ ಬೈದರು. ಹಿಡಿಶಾಪ ಹಾಕಿದರು. ಹೊಡೆದವನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬರು ‘ಅವನಿಗೆ ಗೊತ್ತಿಲ್ಲವಲ್ಲ ಪಾಪ, ಉಪ್ಪು ಹಾಕಿದ್ದು ಇವಳಲ್ಲ ಅಂತ. ಅದಕ್ಕೇ ಹೊಡೆದ’ ಅಂದರು. ಎಲ್ಲರೂ ಹೌದು ಹೌದು ಅಂದರು. ನನ್ನ ಮೆಷಿನ್ ನಿಂತೇ ಹೋಯಿತು. ಅಂದರೆ, ಉಪ್ಪು ನಿಜಕ್ಕೂ ಅವಳೇ ಹಾಕಿದ್ದರೆ? ಕೈತಪ್ಪಿ ಹಾಕಿದ್ದರೆ? ಆಗ ಆ ಏಟು ಸರಿ ಅಂತ ಆಯಿತಲ್ವಾ? ನೀವು ಬರೆದ ಕಥೆಯಲ್ಲಿ ಅನ್ಯಾಯ ಆಗಿದ್ದು ಹೊಡೆದಿದ್ದರಿಂದ ಅಲ್ಲ, ತಪ್ಪು ಕೆನ್ನೆಗೆ ಹೊಡೆದಿದ್ದರಿಂದ. ನೋಡುವವರಿಗೆ ಅದು ಸರಿಯಾಗಿಯೇ ಅರ್ಥವಾಗಿದೆ. ಜನ ದಡ್ಡರಲ್ಲ. ನೀವು ಹೇಳಿಕೊಟ್ಟಿದ್ದನ್ನು ಚೆನ್ನಾಗಿಯೇ ಕಲಿತಿದ್ದಾರೆ.

ಆವತ್ತು ಅಲ್ಲಿ ಕೂತವರಲ್ಲಿ ಒಬ್ಬ ಹುಡುಗಿ ಇದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳ ಗುರುತು ಸಿಗುವಂಥದ್ದೇನನ್ನೂ ಹೇಳುವುದಿಲ್ಲ. ದೀಪಾವಳಿಗೆ ಎರಡು ವಾರ ಇರುವಾಗ ಅವಳು ಐದು ಬ್ಲೌಸ್ ಚೀಲದಲ್ಲಿ ಹಾಕಿಕೊಂಡು ಬಂದಳು. ಎಲ್ಲ ನಾನೇ ಹೊಲಿದಿದ್ದು, ಮದುವೆಯ ಬ್ಲೌಸುಗಳು, ಗಿಡ್ಡ ಕೈ. ‘ಕೈ ಉದ್ದ ಮಾಡಿಕೊಡಿ ಅಕ್ಕ, ಮೊಣಕೈವರೆಗೆ ಬರಲಿ’ ಅಂದಳು. ಆಗುವುದಿಲ್ಲ ಕಣೇ, ಒಳಗೆ ಮಾರ್ಜಿನ್ ಬಟ್ಟೆ ಅಷ್ಟು ಬಿಟ್ಟಿಲ್ಲ, ಬೇಕಾದರೆ ಬೇರೆ ಬಾರ್ಡರ್ ಕೊಟ್ಟು ಕೂಡಿಸಬೇಕು, ಚೆನ್ನಾಗಿ ಕಾಣಲ್ಲ ಅಂದೆ. ಪರವಾಗಿಲ್ಲ ಅಂದಳು. ಅಳತೆಗೆ ಟೇಪ್ ಸುತ್ತಿದೆ. ತೋಳಿನ ಮೇಲೆ ನಾಲ್ಕು ಬೆರಳು ನೀಲಿಯಾಗಿ ಮೂಡಿತ್ತು. ಒಂದು ಹಳೆಯದು, ಹಳದಿಗೆ ತಿರುಗಿತ್ತು. ನಾನು ಟೇಪ್ ಬಿಡಲಿಲ್ಲ. ಏನಿದು ಅಂತಲೂ ಕೇಳಲಿಲ್ಲ. ಅವಳೇ ಹೇಳಿದಳು, ‘ನಾನೇ ಸ್ವಲ್ಪ ಜಾಸ್ತಿ ಮಾತಾಡಿಬಿಟ್ಟೆ ಅಕ್ಕ. ಅವರ ಅಮ್ಮನ ಎದುರಿಗೆ.’

ಸೀರಿಯಲ್ ನೋಡಿ ಅವಳ ಗಂಡ ಹೊಡೆದ ಅಂತ ನಾನು ಹೇಳುತ್ತಿಲ್ಲ. ಅವನು ಸೀರಿಯಲ್ ನೋಡುವುದೇ ಇಲ್ಲ, ಕ್ರಿಕೆಟ್ ನೋಡುತ್ತಾನೆ. ಟಿವಿ ಬರುವುದಕ್ಕೆ ಮುಂಚೆಯೂ ಗಂಡಸರು ಹೊಡೆಯುತ್ತಿದ್ದರು, ನಮ್ಮಜ್ಜಿಯ ಬೆನ್ನು ನಾನು ನೋಡಿದ್ದೇನೆ. ನನ್ನನ್ನು ಕಾಡುತ್ತಿರುವುದು ಆ ಹುಡುಗಿ ಆಡಿದ ಮಾತು. ಅದು ಅವಳ ಮಾತಲ್ಲ. ಆ ಧಾಟಿ, ಆ ತಗ್ಗಿದ ದನಿ, ‘ನಾನೇ’ ಅನ್ನುವಾಗಿನ ಆ ಒತ್ತು, ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕಿವಿಯಿಂದ ನೋಡುವವಳು ಅಂತ ಹೇಳಿದೆನಲ್ಲ.

ನನ್ನ ಮಗಳು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಇದನ್ನೆಲ್ಲ ಅವಳಿಗೆ ಹೇಳಿದಾಗ ಅವಳು ಸರ್ಕಾರದ ಒಂದು ಸಮೀಕ್ಷೆ ತೆಗೆದು ತೋರಿಸಿದಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಐದನೆಯ ಸುತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ನಡೆದಿದ್ದು. ಅದರಲ್ಲಿ ಏಳು ಕಾರಣ ಕೊಟ್ಟು, ಇಂಥ ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯಬಹುದಾ ಅಂತ ಕೇಳುತ್ತಾರೆ. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಎದುರು ವಾದಿಸಿದರೆ, ಹಾಸಿಗೆಗೆ ಬರಲ್ಲ ಅಂದರೆ, ಅಡುಗೆ ಸರಿ ಮಾಡದಿದ್ದರೆ, ನಡತೆ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಈ ಏಳರಲ್ಲಿ ಒಂದಕ್ಕಾದರೂ ‘ಹೊಡೆಯಬಹುದು’ ಅಂದ ಹೆಂಗಸರು ಕರ್ನಾಟಕದಲ್ಲಿ ಶೇ 76.9. ಗಂಡಸರು ಶೇ 81.9. ನಾಲ್ಕರಲ್ಲಿ ಮೂವರು ಹೆಂಗಸರು. ನನ್ನ ಅಂಗಡಿಯಲ್ಲಿ ಎಂಟು ಜನ ಕೂತಿದ್ದರೆ ಆರು ಜನ.

ಆ ಏಳು ಕಾರಣಗಳನ್ನು ಮಗಳು ಓದುತ್ತಾ ಹೋದಂತೆ ನನಗೆ ಏನನಿಸಿತು ಗೊತ್ತಾ? ಇದು ಸಮೀಕ್ಷೆಯಲ್ಲ, ನಿಮ್ಮ ಮುಂದಿನ ತಿಂಗಳ ಕಥೆಯ ಪಟ್ಟಿ. ಸುಮ್ನೆ ಒಂದು ವಾರ ಬಿಲ್ ಪುಸ್ತಕದ ಹಿಂದೆ ಗೀಟು ಎಳೆಯುತ್ತಾ ಹೋದೆ. ನಮ್ಮನೆಯಲ್ಲಿ ಓಡುವ ಐದು ಧಾರಾವಾಹಿಗಳಲ್ಲಿ ಆ ಏಳರಲ್ಲಿ ಐದು ಬಂದವು. ಹಾಸಿಗೆಯದ್ದು ಬರಲಿಲ್ಲ, ಅದನ್ನು ನೀವು ತೋರಿಸುವಂತಿಲ್ಲ. ಮಕ್ಕಳದ್ದು ಬರಲಿಲ್ಲ, ನಿಮ್ಮ ನಾಯಕಿಗೆ ಇನ್ನೂ ಮಗು ಆಗಿಲ್ಲ.

ನನ್ನ ತಕರಾರು ಕೆಟ್ಟದ್ದನ್ನು ತೋರಿಸುತ್ತೀರಿ ಅಂತಲ್ಲ. ಕೆಟ್ಟದ್ದಿಲ್ಲದೆ ಕಥೆ ಇಲ್ಲ. ರಾಮಾಯಣದಲ್ಲೂ ಮಂಥರೆ ಬೇಕು. ನನ್ನ ತಕರಾರು ನೀವು ಒಳ್ಳೆಯದು ಅಂತ ಏನನ್ನು ತೋರಿಸುತ್ತೀರಿ ಅನ್ನುವುದರ ಮೇಲೆ. ನಿಮ್ಮ ಲೆಕ್ಕದಲ್ಲಿ ಒಳ್ಳೆಯವಳು ಅಂದರೆ ಬಾಯಿ ಬಿಡದವಳು, ಅಷ್ಟೇ. ಅವಳಿಗೆ ಬೇರೆ ಗುಣವೇ ಬೇಡ. ಡಿಎನ್‌ಎ ರಿಪೋರ್ಟ್ ಬದಲಾಗಿದ್ದು ಅವಳಿಗೆ ಗೊತ್ತು, ಹೇಳಲ್ಲ. ಆಸ್ತಿ ಪತ್ರಕ್ಕೆ ಕಳ್ಳ ಸಹಿ ಹಾಕಿದ್ದು ಗೊತ್ತು, ಹೇಳಲ್ಲ. ವಿಷ ಬೆರೆಸಿದ್ದು ಗೊತ್ತು, ‘ಅತ್ತೆಗೆ ನೋವಾಗುತ್ತೆ’ ಅಂತ ಹೇಳಲ್ಲ, ತಾನೇ ಕುಡಿಯುತ್ತಾಳೆ. ಒಂದೇ ಒಂದು ಸಾಲು ಮಾತಾಡಿದ್ದರೆ ಮುಗಿಯುವ ಕಥೆಯನ್ನು ಇನ್ನೂರು ಸಂಚಿಕೆ ಎಳೆಯಲು ಅವಳ ಮೌನ ನಿಮಗೆ ಬೇಕು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ದಿನಕ್ಕೆ ಇಪ್ಪತ್ತೆರಡು ನಿಮಿಷ, ವಾರಕ್ಕೆ ಐದಾರು ದಿನ ತುಂಬಿಸಬೇಕು. ಬಟ್ಟೆ ಸಾಲದಿದ್ದರೆ ನಾನೂ ತೇಪೆ ಕೊಡುತ್ತೇನೆ. ಆದರೆ ತೇಪೆಯನ್ನು ‘ಸಹನೆ’, ‘ಸಂಸ್ಕಾರ’, ‘ಮನೆ ಮಗಳ ಲಕ್ಷಣ’ ಅಂತ ಹೆಸರಿಟ್ಟು ಮಾರುವುದಿಲ್ಲ. ಕಥೆ ಎಳೆಯಲು ಬೇಕಾದ ಮೌನವನ್ನು ನೀವು ನೀತಿ ಮಾಡಿಬಿಟ್ಟಿದ್ದೀರಿ. ನೋಡುವ ಹುಡುಗಿಗೆ ಅದು ನಿಮ್ಮ ಅನುಕೂಲ ಅಂತ ಗೊತ್ತಾಗುವುದು ಹೇಗೆ?

ಇನ್ನು ನನ್ನ ಕಸುಬಿನ ಮಾತು, ಬ್ಲೌಸು. ಇದರಲ್ಲಿ ನನಗಿಂತ ಚೆನ್ನಾಗಿ ನಿಮಗೆ ಯಾರೂ ಹೇಳಲಾರರು. ನಿಮ್ಮ ಧಾರಾವಾಹಿಯ ಹೊಸ ಪಾತ್ರ ಬಾಯಿ ತೆರೆಯುವ ಮುಂಚೆಯೇ ಅವಳು ಒಳ್ಳೆಯವಳೋ ಕೆಟ್ಟವಳೋ ಅಂತ ನಮ್ಮತ್ತೆ ಹೇಳಿಬಿಡುತ್ತಾರೆ. ಮೊಣಕೈವರೆಗೆ ಕೈ, ಕಾಟನ್ ಸೀರೆ, ಜಡೆ ಅಂದರೆ ದೇವತೆ. ತೋಳಿಲ್ಲದ ಬ್ಲೌಸು, ಬೆನ್ನು ತೆರೆದ ಡಿಸೈನ್, ಕತ್ತರಿಸಿದ ಕೂದಲು, ಕೈಯಲ್ಲಿ ಕಾರಿನ ಕೀ ಅಂದರೆ ವಿಷ ಹಾಕುವವಳು. ಇಂಗ್ಲಿಷ್ ಬಂದರಂತೂ ಮುಗಿಯಿತು. ಇದರ ಪರಿಣಾಮ ನನ್ನ ಕಟಿಂಗ್ ಟೇಬಲ್ಲಿಗೆ ಬರುತ್ತದೆ. ಅಕ್ಕನ ಮದುವೆಗೆ ಡೀಪ್ ಬ್ಯಾಕ್ ಹೊಲಿಸಿಕೊಳ್ಳುತ್ತೇನೆ ಅಂತ ಆಸೆಪಟ್ಟ ಪಿಯುಸಿ ಹುಡುಗಿಗೆ ಅವಳಮ್ಮ ನನ್ನೆದುರಿಗೇ, ‘ಅದೇನೇ ಆ ವಿಲನ್ ಥರ’ ಅಂದರು. ಹುಡುಗಿ ಸುಮ್ಮನಾದಳು. ನನ್ನ ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಹೇಳುತ್ತೇನೆ ಕೇಳಿ, ಬೆನ್ನಿನ ಡಿಸೈನಿಗೂ ಮನಸ್ಸಿಗೂ ಯಾವ ಸಂಬಂಧವೂ ಇಲ್ಲ. ನಮ್ಮ ಬೀದಿಯಲ್ಲಿ ಮೀಟರ್ ಬಡ್ಡಿಗೆ ದುಡ್ಡು ಬಿಟ್ಟು ಜನರ ಹೊಟ್ಟೆ ಉರಿಸುವ ಹೆಂಗಸಿನ ಬ್ಲೌಸ್ ಕೈ ಮೊಣಕೈಯಿಂದ ಎರಡಿಂಚು ಕೆಳಗೇ ಬರುತ್ತದೆ, ಕತ್ತು ಮುಚ್ಚಿರುತ್ತದೆ. ಹೊಲಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡುವವಳು ತೋಳಿಲ್ಲದ ಬ್ಲೌಸ್ ಹಾಕುವ ನರ್ಸು.

ಮಾಟ ಮಂತ್ರ, ನಿಂಬೆಹಣ್ಣು, ಕುಂಕುಮ ಬಳಿದ ಗೊಂಬೆಗಳ ಬಗ್ಗೆ ಜಾಸ್ತಿ ಬರೆಯಲ್ಲ. 2017ರಲ್ಲೇ ನಮ್ಮ ರಾಜ್ಯ ವಾಮಾಚಾರದ ವಿರುದ್ಧ ಕಾನೂನು ಮಾಡಿದೆ, ನಿಮ್ಮ ಕಥೆಯಲ್ಲಿ ಇನ್ನೂ ಮಾಟ ಹಾಕಿದರೆ ಫಲಿಸುತ್ತದೆ. ಹಾಗೆಯೇ ಎರಡನೇ ಮದುವೆ. ಮೊದಲ ಹೆಂಡತಿ ಇರುವಾಗಲೇ ಇನ್ನೊಬ್ಬಳಿಗೆ ತಾಳಿ ಕಟ್ಟುತ್ತಾನೆ, ಆಮೇಲೆ ಒಂದು ವರ್ಷ ‘ಯಾರು ನಿಜವಾದ ಹೆಂಡತಿ’ ಅಂತ ಇಬ್ಬರು ಹೆಂಗಸರು ಹೊಡೆದಾಡುತ್ತಾರೆ. ಅದು ಏಳು ವರ್ಷದವರೆಗೆ ಜೈಲಿಗೆ ಹಾಕಬಹುದಾದ ಅಪರಾಧ. ಆ ಮನೆಯಲ್ಲಿ ಒಬ್ಬರಾದರೂ ವಕೀಲರಿಗೆ ಫೋನ್ ಮಾಡಬಾರದಾ? ಪೊಲೀಸರು ಬರುತ್ತಾರೆ ನಿಜ, ಆದರೆ ಪ್ರತಿ ಸಲ ಬಂದು ಹಿಡಿದುಕೊಂಡು ಹೋಗುವುದು ನಾಯಕಿಯನ್ನೇ.

‘ಇದೆಲ್ಲ ಬರೀ ಕಥೆ, ಜನ ನೋಡಿ ಮರೆಯುತ್ತಾರೆ’ ಅಂತ ನೀವು ಹೇಳಬಹುದು. ಜಾಹೀರಾತು ಕೊಡುವವರ ಹತ್ತಿರ ನೀವು ಹಾಗೆ ಹೇಳುವುದಿಲ್ಲ ಅಲ್ವಾ? ಹತ್ತು ಸೆಕೆಂಡ್ ಸೋಪು ತೋರಿಸಿದರೆ ಜನ ನೆನಪಿಟ್ಟುಕೊಂಡು ಅಂಗಡಿಗೆ ಹೋಗುತ್ತಾರೆ ಅಂತ ಅವರಿಂದ ದುಡ್ಡು ತೆಗೆದುಕೊಳ್ಳುತ್ತೀರಿ. ಅದೇ ಜನ ಇಪ್ಪತ್ತೆರಡು ನಿಮಿಷದ ಕಥೆಯನ್ನು ಮಾತ್ರ ಮರೆತುಬಿಡುತ್ತಾರಾ?

ಮಗಳು ಓದಿ ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಪೆರು ದೇಶದ ಒಂದು ಸಂಗತಿ, ಯಾಕೆ ಅಂತ ಕೇಳಿದರೆ ನಿಮಗೇ ಗೊತ್ತಾಗುತ್ತದೆ. 1969ರಲ್ಲಿ ಅಲ್ಲಿನ ಟಿವಿಯಲ್ಲಿ ಒಂದು ಧಾರಾವಾಹಿ ಬಂತಂತೆ. ಹಳ್ಳಿಯಿಂದ ಪಟ್ಟಣಕ್ಕೆ ಮನೆಕೆಲಸಕ್ಕೆ ಬಂದ ಮರಿಯಾ ಅನ್ನುವ ಹುಡುಗಿ ಹೊಲಿಗೆ ಕಲಿತು, ಆ ಮೆಷಿನ್ನಿನಿಂದಲೇ ಮೇಲೆ ಬರುತ್ತಾಳೆ. ಅದು ಓಡಿದಷ್ಟು ದಿನ, ಅದು ಹೋದ ದೇಶಗಳಲ್ಲೆಲ್ಲ ಹೊಲಿಗೆ ಮೆಷಿನ್ ಮಾರಾಟ ಏರಿತು, ಹೊಲಿಗೆ ಕ್ಲಾಸಿಗೆ ಹುಡುಗಿಯರು ಸಾಲುಗಟ್ಟಿದರು. ಯಾರೂ ಭಾಷಣ ಮಾಡಿರಲಿಲ್ಲ. ಇದನ್ನು ಗಮನಿಸಿದ ಮೆಕ್ಸಿಕೋದ ಮಿಗೆಲ್ ಸಬೀಡೊ ಅನ್ನುವವರು 1975ರಲ್ಲಿ ದೊಡ್ಡವರಿಗೆ ಓದು ಬರಹ ಕಲಿಯುವ ಆಸೆ ಹುಟ್ಟಿಸಲೆಂದೇ ಒಂದು ಧಾರಾವಾಹಿ ಮಾಡಿದರು. ಅದೇ ದಾರಿಯಲ್ಲಿ ನಮ್ಮ ದೂರದರ್ಶನದಲ್ಲಿ 1984ರ ಜುಲೈನಲ್ಲಿ ‘ಹಮ್ ಲೋಗ್’ ಶುರುವಾಯಿತು. 156 ಸಂಚಿಕೆ, ಪ್ರತಿ ಸಂಚಿಕೆಯ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಆವತ್ತಿನ ಕಥೆಯ ಬಗ್ಗೆ ನಾಲ್ಕು ಮಾತಾಡುತ್ತಿದ್ದರು. ನೋಡಿದವರು ಲಕ್ಷಗಟ್ಟಲೆ ಪತ್ರ ಬರೆದರು.

ಆದರೆ ಅಲ್ಲೊಂದು ಎಡವಟ್ಟಾಯಿತು, ಅದನ್ನು ನೀವು ಕೇಳಲೇಬೇಕು. ಆ ಧಾರಾವಾಹಿಯಲ್ಲಿ ಭಾಗವಂತಿ ಅನ್ನುವ ತಾಯಿ ಇದ್ದಳು. ಎಲ್ಲರ ಬೈಗುಳ ನುಂಗಿಕೊಂಡು, ಬಾಯಿ ಬಿಡದೆ, ಮನೆಗಾಗಿ ಸವೆಯುವವಳು. ಹೀಗೆ ಬದುಕಬಾರದು ಅಂತ ತೋರಿಸಲು ಆ ಪಾತ್ರ ಮಾಡಿದ್ದು. ಆಮೇಲೆ ಅರವಿಂದ್ ಸಿಂಘಾಲ್, ಎವರೆಟ್ ರೋಜರ್ಸ್ ಅನ್ನುವ ಸಂಶೋಧಕರು ನೋಡುಗರನ್ನು ಕೇಳಿದರೆ, ಎಷ್ಟೋ ಹೆಂಗಸರು ಭಾಗವಂತಿಯೇ ನಮಗೆ ಮಾದರಿ ಅಂದರಂತೆ! ಬೇಡ ಅಂತ ತೋರಿಸಿದ ತಾಳ್ಮೆಯೇ ಜನರಿಗೆ ಹಿಡಿಸಿಬಿಟ್ಟಿತು. ಎಚ್ಚರಿಕೆಯಿಂದ ಮಾಡಿದ ಧಾರಾವಾಹಿಯಲ್ಲೇ ಹೀಗಾದರೆ, ತಾಳ್ಮೆಗೆ ಆರತಿ ಎತ್ತುವ ನಿಮ್ಮ ಧಾರಾವಾಹಿಗಳಿಂದ ಏನಾಗಬಹುದು ಅಂತ ಲೆಕ್ಕ ಹಾಕಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು, ಇದು ನಿಮ್ಮ ಪರವಾಗಿದೆ. ರಾಬರ್ಟ್ ಜೆನ್ಸನ್, ಎಮಿಲಿ ಆಸ್ಟರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡು, ಬಿಹಾರ ಸೇರಿ ಐದು ಕಡೆ ನೋಡಿದ್ದು, ನಮ್ಮ ರಾಜ್ಯ ಅದರಲ್ಲಿಲ್ಲ. ಕೇಬಲ್ ಟಿವಿ ಬಂದ ಹಳ್ಳಿಗಳಲ್ಲಿ ‘ಗಂಡ ಹೊಡೆಯಬಹುದು’ ಅನ್ನುವ ಹೆಂಗಸರು ಕಮ್ಮಿಯಾದರು, ಗಂಡುಮಗುವೇ ಬೇಕು ಅನ್ನುವವರೂ ಕಮ್ಮಿಯಾದರು. ಕೆಲಸಕ್ಕೆ ಹೋಗುವ, ತಾನೇ ದುಡ್ಡು ಎಣಿಸುವ, ಒಬ್ಬಳೇ ಬಸ್ಸು ಹತ್ತುವ ಹೆಂಗಸರನ್ನು ತೆರೆಯ ಮೇಲೆ ನೋಡಿದ್ದಕ್ಕೆ ಹೀಗಾಗಿರಬಹುದು ಅಂತ ನನ್ನ ಮಗಳ ಮಾತು. ಹಾಗಾಗಿ ಟಿವಿ ಬಂದು ಸಂಸ್ಕೃತಿ ಹಾಳಾಯಿತು ಅನ್ನುವವರ ಜೊತೆ ನಾನು ಸೇರುವುದಿಲ್ಲ. ನಿಮ್ಮ ಕೈಯಲ್ಲಿರುವುದು ಒಳ್ಳೆಯ ಕತ್ತರಿ. ಬಟ್ಟೆಯ ಯಾವ ಕಡೆ ಇಡುತ್ತೀರಿ ಅನ್ನುವುದಷ್ಟೇ ಪ್ರಶ್ನೆ.

ಕನ್ನಡದಲ್ಲಿ ಇದು ಆಗಿಲ್ಲ ಅಂತಲೂ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ‘ಮಾಯಾಮೃಗ’ ಬರುವಾಗ ನಾನು ಹೊಸದಾಗಿ ಅಂಗಡಿ ಹಾಕಿದ್ದೆ. ಆ ಹೊತ್ತಿಗೆ ಬೀದಿಯಲ್ಲಿ ಜನ ಇರುತ್ತಿರಲಿಲ್ಲ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಕೋರ್ಟಿನ ದೃಶ್ಯ ಬಂದರೆ ನಮ್ಮ ಮಾವನವರು ಊಟದ ತಟ್ಟೆ ಹಿಡಿದುಕೊಂಡೇ ಬಂದು ಕೂರುತ್ತಿದ್ದರು. ಅಲ್ಲಿ ಎರಡೂ ಕಡೆಯವರು ಮಾತಾಡುತ್ತಿದ್ದರು. ಇವರದ್ದು ಸರಿ ಅನ್ನುವಷ್ಟರಲ್ಲಿ ಅವರ ಮಾತು ಕೇಳಿ ಅವರದ್ದೂ ಸರಿ ಅನಿಸುತ್ತಿತ್ತು. ಮಾರನೇ ದಿನ ಅಂಗಡಿಯಲ್ಲಿ ಜಗಳವೇ ಆಗುತ್ತಿತ್ತು, ಯಾರದ್ದು ನ್ಯಾಯ ಅಂತ. ಈಗ ಜಗಳ ಆಗುವುದಿಲ್ಲ. ಯಾರಿಗೆ ಶಾಪ ಹಾಕಬೇಕು ಅಂತ ಹಿನ್ನೆಲೆ ಸಂಗೀತವೇ ಹೇಳಿಬಿಡುತ್ತದೆ.

ಅಷ್ಟು ಹಿಂದೆ ಹೋಗುವುದೂ ಬೇಡ. 2021ರ ಡಿಸೆಂಬರಿನಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ಗಂಡುಮಗು ಆಗಲಿಲ್ಲ ಅಂತ ಗಂಡ ಬಿಟ್ಟುಹೋದ ಹೆಂಗಸು, ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೆಸ್ ನಡೆಸುತ್ತಾಳೆ. ಉಮಾಶ್ರೀಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ ನಮ್ಮತ್ತೆಯೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಅದರಲ್ಲೂ ಎಳೆದಾಟ ಇತ್ತು, ಇಲ್ಲ ಅನ್ನಲ್ಲ. ಆದರೆ ಅವಳು ದುಡಿಯುವುದು ಕಾಣುತ್ತಿತ್ತು, ಬಾಯಿ ಇತ್ತು. ನನ್ನಲ್ಲಿ ಹೊಲಿಗೆ ಕಲಿಯಲು ಬರುತ್ತಿದ್ದ, ಎರಡು ಹೆಣ್ಣು ಹೆತ್ತು ತವರಿಗೆ ಬಂದಿದ್ದ ಒಬ್ಬಳು ‘ಹೊಲಿಗೆ ನನಗೆ ಹತ್ತಲ್ಲ ಅಕ್ಕ, ಪುಟ್ಟಕ್ಕ ಮಾಡಲಿಲ್ವಾ, ನಾನೂ ಅಡುಗೆಗೇ ಇಳೀತೀನಿ’ ಅಂತ ಹೋದಳು. ಈಗ ಮನೆಯಲ್ಲೇ ಚಪಾತಿ ಆರ್ಡರ್ ತೆಗೆದುಕೊಳ್ಳುತ್ತಾಳೆ. ನನಗೊಬ್ಬಳು ಕಲಿಯುವವಳು ಕಮ್ಮಿಯಾದಳು, ಅದು ಬೇರೆ ವಿಷಯ. ಆ ಧಾರಾವಾಹಿ ಬಹಳ ದಿನ ಟಿಆರ್‌ಪಿಯಲ್ಲಿ ಮೊದಲ ಸ್ಥಾನದಲ್ಲಿತ್ತು ಅಂತ ನೀವೇ ಕುಣಿದಾಡಿದ್ದೀರಿ. ಆದ್ದರಿಂದ ‘ಜನ ಅಳುವುದನ್ನೇ ಕೇಳುತ್ತಾರೆ’ ಅನ್ನುವ ಮಾತನ್ನು ದಯವಿಟ್ಟು ನನ್ನ ಹತ್ತಿರ ಹೇಳಬೇಡಿ.

ಇನ್ನೊಂದು ಉತ್ತರ ನಿಮ್ಮವರು ಯಾವಾಗಲೂ ಕೊಡುತ್ತಾರೆ, ‘ಇಷ್ಟ ಇಲ್ಲದಿದ್ದರೆ ಚಾನೆಲ್ ಬದಲಾಯಿಸಿ, ಕೈಯಲ್ಲಿ ರಿಮೋಟ್ ಇದೆಯಲ್ಲ’ ಅಂತ. ಸ್ವಾಮಿ, ಅತ್ತೆ ಇರುವ ಮನೆಯಲ್ಲಿ ಸೊಸೆಯ ಕೈಗೆ ರಿಮೋಟ್ ಬರುವುದು ಹೇಗೆ ಅಂತ ನಿಮಗೆ ಗೊತ್ತಿಲ್ಲ ಅಂದರೆ, ನೀವು ಬರೆಯುತ್ತಿರುವುದು ಯಾರ ಮನೆಯ ಕಥೆ?

ದೂರು ಕೊಡುವ ದಾರಿ ಇದೆ ಅಂತ ಮಗಳು ಹೇಳಿದಳು. 2021ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿಯಾಗಿ, ನೋಡುಗರು ಮೊದಲು ವಾಹಿನಿಗೇ ದೂರು ಕೊಡಬಹುದು, ಅವರು 15 ದಿನದಲ್ಲಿ ಉತ್ತರ ಕೊಡಬೇಕು, ಸಮಾಧಾನ ಆಗದಿದ್ದರೆ ವಾಹಿನಿಗಳೇ ಸೇರಿ ಮಾಡಿಕೊಂಡ ಮಂಡಳಿಗೆ ಮೇಲ್ಮನವಿ ಹಾಕಬಹುದು. ಸರಿ, ಆ ಉಪ್ಪಿನ ಪಾಯಸದ ಬಗ್ಗೆ ಬರೆದು ಕಳಿಸಿದೆವು. ಹದಿನಾಲ್ಕನೇ ದಿನ ಉತ್ತರ ಬಂತು. ‘ಕಥೆ ಮತ್ತು ಪಾತ್ರಗಳು ಕಾಲ್ಪನಿಕ, ಯಾರ ಭಾವನೆಗಳಿಗೂ ನೋವುಂಟು ಮಾಡುವ ಉದ್ದೇಶವಿಲ್ಲ, ನಮ್ಮ ವಾಹಿನಿಯನ್ನು ವೀಕ್ಷಿಸುತ್ತಿರಿ.’ ನನ್ನ ಭಾವನೆಗೆ ನೋವಾಗಿದೆ ಅಂತ ನಾನು ಬರೆದೇ ಇರಲಿಲ್ಲ. ಹೊಡೆದಿದ್ದು ತಪ್ಪು ಅಂತ ಕಥೆಯಲ್ಲಿ ಯಾರಾದರೂ ಯಾವತ್ತಾದರೂ ಹೇಳುತ್ತಾರಾ ಅಂತ ಕೇಳಿದ್ದೆ. ಮೇಲ್ಮನವಿ ಹಾಕುವಷ್ಟರಲ್ಲಿ ಮದುವೆ ಸೀಸನ್ ಬಂತು, ಕೆಲಸದಲ್ಲಿ ಮರೆತುಹೋಯಿತು. ಅದಕ್ಕೇ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಧಾರಾವಾಹಿ ನಿಲ್ಲಿಸಿ ಅನ್ನುತ್ತಿಲ್ಲ, ನಿಲ್ಲಿಸಿದರೆ ನಮ್ಮತ್ತೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನೀತಿ ಪಾಠ ಮಾಡಿ ಅಂತಲೂ ಅಲ್ಲ, ಅದು ಇನ್ನೂ ಬೋರು. ಪಾತ್ರದ ಕೈಯಲ್ಲಿ ಸಿಗರೇಟು ಕಂಡರೆ ಸಾಕು, ಕೆಳಗೆ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಅಂತ ಅಕ್ಷರ ಬರುತ್ತದೆ, ಕಾನೂನೇ ಹಾಗಿದೆ. ಕೆನ್ನೆಗೆ ಹೊಡೆದಾಗ ಏನೂ ಬರುವುದಿಲ್ಲ. ಕಾನೂನು ಹೇಳುವವರೆಗೆ ಯಾಕೆ ಕಾಯುತ್ತೀರಿ, ಹೊಡೆಯುವ ದೃಶ್ಯ ಬಂದಾಗ ಅದು ಕೌಟುಂಬಿಕ ದೌರ್ಜನ್ಯ, ಮಹಿಳಾ ಸಹಾಯವಾಣಿ 181 ಅಂತ ಒಂದು ಸಾಲು ಕನ್ನಡದಲ್ಲಿ ಹಾಕಿ, ನಮ್ಮತ್ತೆ ಓದಿ ಮುಗಿಸುವಷ್ಟು ಹೊತ್ತು ಇರಲಿ. ಅದಕ್ಕಿಂತ ಮುಖ್ಯವಾಗಿ, ಹೊಡೆದವನಿಗೆ ಮಲ್ಲಿಗೆ ಹಿಡಿಸಿ ಹಾಡು ಹಾಕುವ ಮುಂಚೆ ಅವನ ಬಾಯಲ್ಲಿ ‘ನಾನು ಮಾಡಿದ್ದು ತಪ್ಪು’ ಅನ್ನುವ ಮೂರು ಪದ ಹಾಕಿಸಿ. ಉಪ್ಪು ಯಾರು ಹಾಕಿದ್ದು ಅಂತ ಗೊತ್ತಾಗುವ ಮುಂಚೆಯೇ ಹೇಳಿಸಿ, ಆಮೇಲೆ ಬೇಡ. ಏಟನ್ನು ಪ್ರೋಮೋಗೆ ಹಾಕಬೇಡಿ. ಕಾರಿನ ಕೀ ಹಿಡಿದ, ತೋಳಿಲ್ಲದ ಬ್ಲೌಸಿನ ಒಬ್ಬ ಒಳ್ಳೆಯ ಹೆಂಗಸನ್ನು ವರ್ಷಕ್ಕೊಮ್ಮೆಯಾದರೂ ತೋರಿಸಿ, ಬೇಕಾದರೆ ಆ ಬ್ಲೌಸ್ ನಾನೇ ಪುಕ್ಕಟೆ ಹೊಲಿದುಕೊಡುತ್ತೇನೆ.

ಮತ್ತೆ ಆ ಮೌನ. ನೋಡಿದ್ದನ್ನು ನೋಡಿದೆ ಅಂತ ಅವಳು ಆವತ್ತೇ ಹೇಳಲಿ. ಕಥೆ ಮುಗಿದುಹೋಗುತ್ತದೆ ಅಂತ ಹೆದರಬೇಡಿ. ನಿಜ ಹೇಳಿದ ಮೇಲೆ ಒಂದು ಮನೆಯಲ್ಲಿ ಏನೇನಾಗುತ್ತದೆ ಅಂತ ನನ್ನ ಅಂಗಡಿಗೆ ಬಂದು ಒಂದು ಮಧ್ಯಾಹ್ನ ಕೂತರೆ ಗೊತ್ತಾಗುತ್ತದೆ, ಸಾವಿರ ಸಂಚಿಕೆಗೆ ಆಗುವಷ್ಟು ಸಿಗುತ್ತದೆ.

ಆ ಹುಡುಗಿಯ ಐದು ಬ್ಲೌಸಿಗೂ ಕೈ ಕೂಡಿಸಿಕೊಟ್ಟೆ. ಒಯ್ಯಲು ಬಂದಾಗ ಟಿವಿ ಓಡುತ್ತಿತ್ತು, ದುಡ್ಡು ಕೊಟ್ಟವಳು ಹಾಗೇ ಬಾಗಿಲಲ್ಲಿ ನಿಂತು ಸಂಚಿಕೆ ಮುಗಿಯುವವರೆಗೆ ನೋಡಿದಳು. ಬಿಲ್ಲಿನ ಹಿಂದೆ 181 ಅಂತ ಬರೆದುಕೊಟ್ಟಿದ್ದೇನೆ. ಮಾಡಿದಳೋ ಇಲ್ಲವೋ ಗೊತ್ತಿಲ್ಲ. ಇವತ್ತೂ ಬಂದಿದ್ದಾಳೆ, ಕಟಿಂಗ್ ಟೇಬಲ್ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಳೆ. ನಿನ್ನೆ ನಿಮ್ಮ ನಾಯಕಿ ಮನೆಯವರೆಲ್ಲರ ಮುಂದೆ ‘ನಾನೊಂದು ಮಾತು ಹೇಳಬೇಕು’ ಅಂತ ಬಾಯಿ ತೆರೆಯುವಷ್ಟರಲ್ಲಿ ಸಂಚಿಕೆ ನಿಲ್ಲಿಸಿದ್ದೀರಿ. ಏಳೂವರೆ ಆಗುತ್ತಾ ಬಂತು, ಅತ್ತೆ ವಾಲ್ಯೂಮ್ ಜಾಸ್ತಿ ಮಾಡಿದ್ದಾರೆ. ನಾವೆಲ್ಲ ಕಾಯುತ್ತಿದ್ದೇವೆ.

ಇಂತಿ,
ನಿಮ್ಮ ನೋಡುಗಳು, ಅಲ್ಲ, ಕೇಳುಗಳು
ಒಬ್ಬ ಟೈಲರ್, ತಿಪಟೂರು